ಜೋರು ಗಾಳಿಯಲ್ಲಿ ಜೋಡಿ ಕಯಾಕ್ ಮಗುಚಿದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಬ್ಬರು ಕೂರುವ ಕಯಾಕ್ ಒಬ್ಬರದ್ದಕ್ಕಿಂತ ಅಗಲ, ಭಾರವೂ ಜಾಸ್ತಿ. ಅಷ್ಟು ಸುಲಭಕ್ಕೆ ಅಲುಗಾಡುವುದಿಲ್ಲ. ಹಾಗಾಗಿ "ಇದೆಲ್ಲಿ ಮಗುಚತ್ತೆ ಬಿಡಿ" ಅನ್ನುವ ಧೈರ್ಯದಲ್ಲೇ ತುಂಬ ಜನ ನೀರಿಗಿಳಿಯುತ್ತಾರೆ. ನೀರು ಶಾಂತವಾಗಿರುವ ದಿನ ಆ ಧೈರ್ಯ ಸುಳ್ಳಾಗುವುದೂ ಇಲ್ಲ. ಗಾಳಿ ಎದ್ದ ದಿನದ ಲೆಕ್ಕ ಬೇರೆ. ಅಂಥ ದಿನ ಮಗುಚಿದ ಮೇಲೆ ಏನು ಮಾಡಬೇಕು ಎಂದು ಜನ ಕೇಳುವ ಪ್ರಶ್ನೆಗಳು ಇಲ್ಲಿವೆ. ಮೇಲೆ ತೆರೆದಿದ್ದು ಅದರ ಮೇಲೇ ಕೂರುವ ಸಿಟ್-ಆನ್-ಟಾಪ್, ಕಾಲು ಒಳಗೆ ಚಾಚಿ ಕೂರುವ ಮುಚ್ಚಿದ ಕಯಾಕ್, ಎರಡರ ವಿಷಯವೂ ಇದೆ. ಫರಕು ಇರುವ ಕಡೆ ಬೇರೆಬೇರೆಯಾಗಿ ಹೇಳಿದ್ದೇನೆ.

ಮಗುಚಿದ ಕೂಡಲೇ ಮೊದಲು ಏನು ಮಾಡಬೇಕು?

ಹೊರಗೆ ಬನ್ನಿ, ಒಂದು ಕೈಯಲ್ಲಿ ದೋಣಿ ಹಿಡಿಯಿರಿ, ಜತೆಗಾರರನ್ನು ಕೂಗಿ. ಈ ಮೂರೂ ಆಗುವ ತನಕ ಬೇರೆ ಯಾವ ಕೆಲಸಕ್ಕೂ ಕೈ ಹಾಕಬೇಡಿ.

ಮುಚ್ಚಿದ ಕಯಾಕ್‌ನಲ್ಲಿ ಸೊಂಟಕ್ಕೆ ಸ್ಪ್ರೇ ಸ್ಕರ್ಟ್ ಇರುತ್ತದೆ, ಅಂದರೆ ಒಳಗೆ ನೀರು ಬರದಂತೆ ಕೂರುವ ಬಾಯಿಯನ್ನು ಮುಚ್ಚುವ ಹೊದಿಕೆ. ಅದರ ಮುಂದಿನ ಕುಣಿಕೆಯನ್ನು ಮೊದಲು ಮುಂದಕ್ಕೆ, ಆಮೇಲೆ ಮೇಲಕ್ಕೆ ಎಳೆದರೆ ಬಿಟ್ಟುಕೊಳ್ಳುತ್ತದೆ. ತಲೆಕೆಳಗಾಗಿರುವಾಗ ಆ ಕುಣಿಕೆ ಹುಡುಕುವುದು ಕಷ್ಟ. ಅದಕ್ಕೇ ಹೊರಡುವ ಮೊದಲು ಅದು ಹೊರಗೇ ಇದೆಯಾ, ಒಳಗೆ ಮಡಚಿಕೊಂಡಿದೆಯಾ ಎಂದು ಒಬ್ಬರು ಇನ್ನೊಬ್ಬರದ್ದು ನೋಡಬೇಕು. ಸ್ಕರ್ಟ್ ಬಿಟ್ಟ ಮೇಲೆ ಕಾಕ್‌ಪಿಟ್‌ನ, ಅಂದರೆ ಆ ಕೂರುವ ಬಾಯಿಯ, ಅಂಚಿಗೆ ಕೈ ಕೊಟ್ಟು ಸೊಂಟವನ್ನು ಹೊರಗೆ ತಳ್ಳಿ. ಪ್ಯಾಂಟ್ ಕಳಚುವ ಹಾಗೆ ದೋಣಿಯೇ ಕಾಲಿಂದ ಕಳಚಿಕೊಳ್ಳುತ್ತದೆ.

ಕೂಗುವುದು ಸುಮ್ನೆ ಸಮಾಧಾನಕ್ಕಲ್ಲ. ಗಾಳಿ, ಅಲೆಯ ನಡುವೆ ದೋಣಿಯ ಆಚೆ ಇರುವವರು ಕಾಣುವುದಿಲ್ಲ.

"ಇದ್ದೀಯಾ?"
"ಇದ್ದೀನಿ."
"ದೋಣಿ ಹಿಡ್ಕೊಂಡಿದ್ದೀಯಾ?"
"ಹಿಡ್ಕೊಂಡಿದ್ದೀನಿ. ಪ್ಯಾಡಲ್ ಒಂದೇ ಸಿಕ್ತು."

ಇಷ್ಟು ಮಾತು ಸಾಕು. ಉತ್ತರ ಬರದಿದ್ದರೆ ದೋಣಿ ಬಿಡದೆ, ಅಂಚಿನ ಹಗ್ಗ ಹಿಡಿದುಕೊಂಡೇ ತುದಿ ಸುತ್ತಿ ಆಚೆ ಹೋಗಿ ನೋಡಿ. ದೋಣಿಯ ಕೆಳಗೆ ಸಿಕ್ಕಿಕೊಂಡಿರುವ ಸಾಧ್ಯತೆಯನ್ನೇ ಮೊದಲು ಯೋಚಿಸಬೇಕು.

ನೀರು ತಣ್ಣಗಿದ್ದರೆ ಉಸಿರು ಕಟ್ಟುತ್ತದಂತೆ, ನಿಜವಾ?

ನಿಜ. ತಣ್ಣೀರಿಗೆ ದಿಢೀರ್ ಬಿದ್ದರೆ ಮೈ ತಾನಾಗಿಯೇ ಒಂದು ದೊಡ್ಡ ಉಸಿರು ಎಳೆದುಕೊಳ್ಳುತ್ತದೆ. ಬೇಡ ಅಂದರೂ ಎಳೆಯುತ್ತದೆ. ಆಗ ಬಾಯಿ ನೀರೊಳಗಿದ್ದರೆ ನೀರೇ ಒಳಗೆ. ಆಮೇಲೆ ಏದುಸಿರು ಶುರುವಾಗುತ್ತದೆ. ಇದು ಒಂದು ನಿಮಿಷದಿಂದ ಮೂರು ನಿಮಿಷದೊಳಗೆ ತಹಬಂದಿಗೆ ಬರುತ್ತದೆ. ಆ ಹೊತ್ತಿನಲ್ಲಿ ದೋಣಿ ಎತ್ತುವ ಸಾಹಸ ಬೇಡ. ಹಿಡಿದುಕೊಂಡು ತೇಲಿ, ಬಾಯಿ ನೀರಿನ ಮೇಲಿರಲಿ, ಉಸಿರನ್ನು ನಿಧಾನವಾಗಿ ಹೊರಗೆ ಬಿಡಿ. ಲೈಫ್ ಜಾಕೆಟ್ ಹಾಕಿಕೊಂಡಿದ್ದವರಿಗೆ ಮಾತ್ರ ಈ ಪುರುಸೊತ್ತು ಸಿಗುತ್ತದೆ. ನೀರಿಗೆ ಬಿದ್ದ ಮೇಲೆ ಹಾಕಿಕೊಳ್ಳುತ್ತೇನೆ ಎನ್ನುವುದು ಆಗದ ಮಾತು.

ತಣ್ಣೀರಿನವರು 1-10-1 ಎಂದು ಒಂದು ಲೆಕ್ಕ ಹೇಳುತ್ತಾರೆ. ಉಸಿರು ಹಿಡಿತಕ್ಕೆ ಬರಲು 1 ನಿಮಿಷ, ಕೈಕಾಲು ಹೇಳಿದ ಮಾತು ಕೇಳುವುದು ಸುಮಾರು 10 ನಿಮಿಷ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪುವುದಕ್ಕೆ ಸುಮಾರು 1 ಗಂಟೆ. ನೀರಿನ ತಾಪ, ಹಾಕಿದ ಬಟ್ಟೆ, ಮೈಕಟ್ಟು ನೋಡಿಕೊಂಡು ಇದು ಹೆಚ್ಚುಕಮ್ಮಿ ಆಗುತ್ತದೆ. ಆದರೆ ನಡುವಿನ 10 ನಿಮಿಷ ನೆನಪಿರಲಿ. ದೋಣಿ ಹತ್ತುವ ಕೆಲಸವೆಲ್ಲ ಅಷ್ಟರೊಳಗೇ ಮುಗಿಯಬೇಕು. ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ನೀರನ್ನು ತಣ್ಣೀರು ಎಂದೇ ಲೆಕ್ಕ ಹಿಡಿಯುತ್ತಾರೆ.

ಬೆಚ್ಚಗಿನ ನೀರಿನಲ್ಲಿ ಇಷ್ಟು ಗಡಿಬಿಡಿ ಇಲ್ಲ. ಹಾಗಂತ ಅಲ್ಲಿ ಗಂಟೆಗಟ್ಟಲೆ ಇರಬಹುದು ಎಂದೂ ಅಲ್ಲ. ನೀರು ನಮ್ಮ ಮೈಬಿಸಿಗಿಂತ ತಣ್ಣಗಿದ್ದರೆ ಶಾಖ ಹೋಗುತ್ತಲೇ ಇರುತ್ತದೆ. ಒದ್ದೆ ಮೈಗೆ ಗಾಳಿ ತಾಗಿದರೆ ಇನ್ನೂ ಬೇಗ.

ದೋಣಿ ಬಿಡಬಾರದು ಎಂದು ಅಷ್ಟೊಂದು ಹೇಳುವುದು ಯಾಕೆ?

ಗಾಳಿಗೆ ಖಾಲಿ ದೋಣಿ ಓಡುತ್ತದೆ, ನೀರಲ್ಲಿರುವ ಮನುಷ್ಯ ಓಡುವುದಿಲ್ಲ. ಇಬ್ಬರ ತೂಕ ಇಳಿದ ಮೇಲೆ ಜೋಡಿ ಕಯಾಕ್ ನೀರಿನ ಮೇಲೆ ಎತ್ತರಕ್ಕೆ ತೇಲುತ್ತದೆ. ಐದಾರು ಮೀಟರ್ ಉದ್ದದ ಆ ಬದಿ ಪೂರ್ತಿ ಗಾಳಿಗೆ ಸಿಗುತ್ತದೆ. ಲೈಫ್ ಜಾಕೆಟ್ ಹಾಕಿಕೊಂಡು ಅದರ ಹಿಂದೆ ಈಜಿ ಹಿಡಿಯುತ್ತೇನೆ ಅಂದರೆ ಒಳ್ಳೆ ಈಜುಗಾರರಿಗೂ ಆಗುವುದಿಲ್ಲ.

ಇನ್ನೊಂದು ವಿಷಯ: ನೀವು ಹಿಡಿದಿದ್ದರೆ ಅದು ಓಡುವುದು ನಿಧಾನವಾಗುತ್ತದೆ. ನೀರೊಳಗಿರುವ ನಿಮ್ಮ ಮೈ ಲಂಗರಿನ ಕೆಲಸ ಮಾಡುತ್ತದೆ. ಮುಂದಿನ ತುದಿ ಹಿಡಿದು ತೇಲಿದರೆ ದೋಣಿ ತಿರುಗಿ, ಆ ತುದಿ ಗಾಳಿಗೆ ಎದುರಾಗಿ ನಿಲ್ಲುತ್ತದೆ. ಇದನ್ನು ಆಮೇಲೆ ಬಳಸಿಕೊಳ್ಳಬಹುದು.

ಕೈಯಿಂದ ತಪ್ಪಿ ಹೋಗೇಬಿಟ್ಟರೆ?

ಮೊದಲ ಕೆಲವು ಸೆಕೆಂಡಿನಲ್ಲಿ, ಕೈಗೆಟುಕುವಷ್ಟರಲ್ಲಿ ಇದ್ದರೆ ಹೋಗಿ ಹಿಡಿಯಿರಿ. ನಾಲ್ಕೈದು ಬೀಸಿಗೆ ಹತ್ತಿರ ಆಗದಿದ್ದರೆ ಬಿಟ್ಟುಬಿಡಿ. ಒಬ್ಬರು ದೋಣಿ ಹಿಂದೆ, ಇನ್ನೊಬ್ಬರು ಇದ್ದಲ್ಲೇ ಎಂದಾಗುವುದು ಎಲ್ಲಕ್ಕಿಂತ ಕೆಟ್ಟದ್ದು. ಇಬ್ಬರೂ ಒಟ್ಟಿಗಿರಿ, ಎದೆಗೆ ಎದೆ ಕೊಟ್ಟು ಅಪ್ಪಿಕೊಂಡು ತೇಲಿ, ಸಹಾಯ ಕರೆಯುವುದಕ್ಕೆ ಶುರು ಮಾಡಿ.

ಗಾಳಿ ಬರುವ ಕಡೆ ಇರಬೇಕಾ, ಆಚೆ ಕಡೆ ಇರಬೇಕಾ?

ಗಾಳಿ ಬರುವ ಕಡೆ. ಆಚೆ ಕಡೆ ಇದ್ದರೆ ಪ್ರತಿ ಅಲೆಗೂ ದೋಣಿ ನಿಮ್ಮ ಮೇಲೇ ಬರುತ್ತದೆ. ನೀರು ತುಂಬಿದ ಜೋಡಿ ಕಯಾಕ್ ಅಂದರೆ ನೂರಾರು ಕಿಲೋ. ಆಳದ ನೀರಿನಲ್ಲಿ ಅದು ನಿಮ್ಮನ್ನು ತಳ್ಳಿಕೊಂಡು ಹೋಗುತ್ತದೆ ಅಷ್ಟೆ. ದಡದ ಹತ್ತಿರ, ಅಲೆ ಒಡೆಯುವ ಜಾಗದಲ್ಲಿ, ಬಂಡೆಗಳಿರುವ ಕಡೆ ಹಾಗಲ್ಲ. ದೋಣಿಗೂ ನೆಲಕ್ಕೂ ನಡುವೆ ಸಿಕ್ಕಿದರೆ ಕಾಲು, ಪಕ್ಕೆಲುಬು ಮುರಿಯಬಹುದು. ಆ ನಡುವಿನ ಜಾಗಕ್ಕೆ ಯಾವ ಕಾರಣಕ್ಕೂ ಹೋಗಬೇಡಿ, ತೇಲಿ ಹೋಗುತ್ತಿರುವ ಪ್ಯಾಡಲ್ ತರುವುದಕ್ಕೂ ಬೇಡ.

ದೋಣಿ ಹತ್ತುವಾಗ ಒಬ್ಬರು ಆಚೆ ಬದಿಗೆ ಹೋಗಲೇಬೇಕಾಗುತ್ತದೆ. ಅದನ್ನು ಆಳದ ನೀರಿನಲ್ಲಿ ಮಾತ್ರ ಮಾಡಬೇಕು.

ಮಗುಚಿದ್ದನ್ನು ನೆಟ್ಟಗೆ ಮಾಡುವುದು ಹೇಗೆ? ಅದು ಎತ್ತುವುದಕ್ಕೇ ಬರಲ್ಲವಲ್ಲ.

ಎತ್ತಬಾರದು, ಹೊರಳಿಸಬೇಕು.

ಮುಚ್ಚಿದ ಕಯಾಕ್ ಆದರೆ ಇಬ್ಬರೂ ಗಾಳಿ ಬರುವ ಬದಿಗೇ ಬನ್ನಿ. ಒಬ್ಬೊಬ್ಬರು ತಮ್ಮ ತಮ್ಮ ಕಾಕ್‌ಪಿಟ್ ಹತ್ತಿರ. ಕೈ ಕೆಳಗೆ ಹಾಕಿ ಹತ್ತಿರದ ಅಂಚು ಹಿಡಿಯಿರಿ. ಒಬ್ಬರು "ಒಂದು, ಎರಡು, ಮೂರು" ಎನ್ನಲಿ. ಮೂರಕ್ಕೆ ಇಬ್ಬರೂ ಕಾಲು ಜೋರಾಗಿ ಬಡಿದು, ಅಂಚನ್ನು ಮೇಲಕ್ಕೆ ಮತ್ತು ಆಚೆಗೆ ಎಸೆಯಿರಿ. ಬೇಗ ಹೊರಳಿಸಿದಷ್ಟೂ ಒಳಗೆ ನೀರು ಕಮ್ಮಿ. ಅಂಚು ಎದ್ದ ಕೂಡಲೇ ಗಾಳಿಯೂ ಕೆಳಗೆ ನುಗ್ಗಿ ಸಹಾಯ ಮಾಡುತ್ತದೆ. ಆದರೆ ನೆಟ್ಟಗಾದ ಮರುಕ್ಷಣ ದೋಣಿ ಗಾಳಿ ಜತೆ ಹೊರಟುಬಿಡುತ್ತದೆ. ಎಸೆಯುವ ಭರದಲ್ಲಿ ಇಬ್ಬರೂ ಕೈಬಿಟ್ಟರೆ ಕಥೆ ಮುಗಿಯಿತು. ಒಬ್ಬರ ಒಂದು ಕೈ ಅಂಚಿನ ಹಗ್ಗದ ಮೇಲೇ ಇರಬೇಕು.

ಸಿಟ್-ಆನ್-ಟಾಪ್ ಆದರೆ ಬೋರಲಾದ ತಳದ ಮೇಲೆ ಒಬ್ಬರು ಹೊಟ್ಟೆ ಹಾಕಿ ಹತ್ತಿ. ಕೈಚಾಚಿ ಆಚೆ ಬದಿಯ ಹಿಡಿಕೆಯನ್ನೋ ಪಟ್ಟಿಯನ್ನೋ ಹಿಡಿದು, ಈಚೆ ಅಂಚಿಗೆ ಮಂಡಿ ಊರಿ ಹಿಂದಕ್ಕೆ ವಾಲಿ. ಮೈಭಾರಕ್ಕೇ ಹೊರಳುತ್ತದೆ, ತೋಳಿನ ಶಕ್ತಿ ಬೇಕಿಲ್ಲ. ಹೊರಳಿದ್ದು ನಿಮ್ಮ ಕಡೆಗೇ ಬೀಳುತ್ತದೆ, ಮುಖಕ್ಕೆ ಕೈ ಅಡ್ಡ ಇರಲಿ. ಆಚೆ ಬದಿಯ ಹಿಡಿಕೆ ಕೈಗೆ ಸಿಗದಷ್ಟು ಅಗಲದ ದೋಣಿಗೆ ನಡುವಿನಲ್ಲಿ ಒಂದು ಮೀಟರಿನಷ್ಟು ಉದ್ದದ ಪಟ್ಟಿ ಮೊದಲೇ ಕಟ್ಟಿಟ್ಟಿರಿ, ಅದನ್ನು ತಳದ ಮೇಲಿಂದ ಈಚೆಗೆ ಎಸೆದುಕೊಳ್ಳಬಹುದು.

ಹಿಂದೆ ಲೋಹದ ಚುಕ್ಕಾಣಿ ಇದ್ದರೆ ಅದರ ಹತ್ತಿರ ಮುಖ ಒಯ್ಯಬೇಡಿ. ಅಲೆಗೆ ಹಿಂದಿನ ತುದಿ ಎದ್ದು ಬಿದ್ದಾಗ ಆ ಅಲಗು ಕೊಯ್ಯುತ್ತದೆ.

ಮೊದಲು ಯಾರು ಹತ್ತಬೇಕು?

ಇದಕ್ಕೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನ ಮಟ್ಟಿಗೆ, ಇಬ್ಬರೂ ಗಟ್ಟಿಯಾಗಿದ್ದರೆ ಹಿಂದೆ ಕೂರುವವರು ಮೊದಲು. ಚುಕ್ಕಾಣಿ ಅವರ ಕಾಲಲ್ಲಿರುತ್ತದೆ, ಮುಂದಿನವರು ಹತ್ತುವುದು ಅವರಿಗೆ ಕಣ್ಣೆದುರೇ ಕಾಣುತ್ತದೆ.

ಒಬ್ಬರು ನಡುಗುತ್ತಿದ್ದರೆ, ಹೆದರಿದ್ದರೆ, ಸುಸ್ತಾಗಿದ್ದರೆ ಅವರೇ ಮೊದಲು, ಸೀಟು ಯಾವುದಾದರೂ ಸರಿ. ಯಾಕೆಂದರೆ ಮೊದಲು ಹತ್ತುವವರಿಗೆ ನೀರಲ್ಲಿರುವ ಗಟ್ಟಿ ಜತೆಗಾರರ ಆಧಾರ ಸಿಗುತ್ತದೆ. ಎರಡನೆಯವರಿಗೆ ಅಷ್ಟು ಗಟ್ಟಿ ಆಧಾರ ಸಿಗುವುದಿಲ್ಲ. ಗಟ್ಟಿ ಇರುವವರೇ ಮೊದಲು ಹತ್ತಿ "ಬಾ, ಎಳ್ಕೋತೀನಿ" ಎನ್ನುವುದು ಕೇಳಲು ಚೆನ್ನಾಗಿರುತ್ತದೆ. ಮಾಡಿ ನೋಡಿದರೆ ಎಳೆಯುವ ಭರಕ್ಕೆ ದೋಣಿಯೇ ನೀರಲ್ಲಿರುವವರ ಕಡೆ ವಾಲಿ ಮತ್ತೆ ಮಗುಚುತ್ತದೆ.

ಯಾರು ಮೊದಲು ಎನ್ನುವುದು ದಡದಲ್ಲೇ ತೀರ್ಮಾನ ಆಗಿರಬೇಕು. ನೀರಲ್ಲಿ ಒಬ್ಬರ ಮಾತು ನಡೆಯಬೇಕು, ಇನ್ನೊಬ್ಬರು ಕೇಳಬೇಕು. ಗಂಡ ಹೆಂಡತಿ ಒಟ್ಟಿಗೆ ಹೋದರೆ ಈ ಒಂದು ನಿಯಮ ಪಾಲಿಸುವುದೇ ಕಷ್ಟ ಎಂದು ತಮಾಷೆ ಮಾಡುವವರಿದ್ದಾರೆ. ತಮಾಷೆ ಪೂರ್ತಿ ಸುಳ್ಳೇನಲ್ಲ.

ಸರಿ, ಹತ್ತುವುದು ಹೇಗೆ? ಹಂತ ಹಂತವಾಗಿ ಹೇಳಿ.

ಆಧಾರ ಕೊಡುವವರು ಆಚೆ ಬದಿಗೆ ಹೋಗಿ, ಹತ್ತುವವರ ಎದುರಿಗೇ ಕಾಕ್‌ಪಿಟ್ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೈಭಾರ ಬಿಡಲಿ. ಹತ್ತುವವರು ಗಾಳಿ ಬರುವ ಬದಿಯಲ್ಲಿ.

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ನೀರಲ್ಲಿ ನೆಟ್ಟಗೆ ನಿಂತ ಭಂಗಿಯಲ್ಲೇ, ಗೋಡೆ ಹತ್ತುವವರ ಥರ ತೋಳಿನಿಂದ ಮೈಯನ್ನು ಮೇಲಕ್ಕೆಳೆಯಲು ನೋಡುತ್ತಾರೆ. ಕಾಲು ದೋಣಿಯ ಅಡಿಗೆ ಹೋಗಿಬಿಡುತ್ತದೆ, ದೋಣಿ ತಮ್ಮ ಮೇಲೇ ವಾಲುತ್ತದೆ. ಹಾಗಲ್ಲ. ಮೊದಲು ಕಾಲು ಬಡಿಯುತ್ತಾ ಮೈಯನ್ನು ನೀರಿನ ಮಟ್ಟಕ್ಕೆ ಉದ್ದಕ್ಕೆ ಚಾಚಿ. ಹಿಮ್ಮಡಿ ನೀರಿನ ಮೇಲೆ ಕಾಣಬೇಕು. ಆಮೇಲೆ ಒಂದು ಜೋರು ಒದೆ, ಅದೇ ಹೊತ್ತಿಗೆ ದೋಣಿಯನ್ನು ಹೊಟ್ಟೆಯ ಕೆಳಗೆ ಎಳೆದುಕೊಳ್ಳಿ. ನೀವು ಮೇಲಕ್ಕೆ ಹೋಗುವುದಲ್ಲ, ಮುಂದಕ್ಕೆ ಜಾರುವುದು. ಅಲೆಯೊಂದು ನಿಮ್ಮನ್ನು ಎತ್ತುವ ಕ್ಷಣಕ್ಕೆ ಒದ್ದರೆ ಅರ್ಧ ಕೆಲಸ ಅಲೆಯೇ ಮಾಡುತ್ತದೆ.

ಹೊಟ್ಟೆ ದೋಣಿಯ ಮೇಲೆ ಬಂದ ಮೇಲೆ ಅವಸರ ಬೇಡ. ಬೋರಲು ಮಲಗಿದ ಹಾಗೇ ಇರಿ, ತಲೆ ಎತ್ತಬೇಡಿ. ತಲೆ ಎತ್ತಿದರೆ ಭಾರ ಮೇಲೆ ಹೋಗಿ ಮತ್ತೆ ಅಲುಗಾಟ. ಮುಚ್ಚಿದ ಕಯಾಕ್‌ನಲ್ಲಿ ಮುಖವನ್ನು ಹಿಂದಿನ ತುದಿ ಕಡೆ ತಿರುಗಿಸಿ, ಕಾಲನ್ನು ಒಂದೊಂದಾಗಿ ಕಾಕ್‌ಪಿಟ್‌ಗೆ ಹಾಕಿ, ಆಮೇಲೆ ಆಧಾರ ಇರುವ ಬದಿಗೆ ನೋಡುತ್ತಾ ನಿಧಾನಕ್ಕೆ ಹೊರಳಿ ಕೂರಿ. ಸಿಟ್-ಆನ್-ಟಾಪ್‌ನಲ್ಲಿ ಕ್ರಮ ಇನ್ನೂ ಸರಳ: ಹೊಟ್ಟೆ, ಕುಂಡಿ, ಕಾಲು. ಅಡ್ಡ ಮಲಗಿ, ಹೊರಳಿ ಸೀಟಿಗೆ ಕೂತು, ಕೊನೆಗೆ ಕಾಲು ಒಳಗೆ.

ಕೂತವರು ಸುಮ್ನೆ ಕೂರುವಂತಿಲ್ಲ. ಕೂಡಲೇ ಪ್ಯಾಡಲ್ ಹಿಡಿದು, ಅಲಗನ್ನು ಮಟ್ಟಸವಾಗಿ ನೀರಿನ ಮೇಲೆ ಒತ್ತಿ ಆಧಾರ ಮಾಡಿಕೊಳ್ಳಬೇಕು. ಎರಡನೆಯವರು ಗಾಳಿ ಬರುವ ಬದಿಗೆ ಬಂದು ಹತ್ತುವಾಗ, ಕೂತವರು ಅದಕ್ಕೆ ವಿರುದ್ಧ ಬದಿಗೆ ಸ್ವಲ್ಪ ವಾಲಿ ಅಲ್ಲೇ ಪ್ಯಾಡಲ್ ಒತ್ತಬೇಕು. ಕೈ ಹಿಡಿದು ಎಳೆಯಬೇಕು ಅನ್ನಿಸುತ್ತದೆ. ಎಳೆಯಬೇಡಿ. ದೋಣಿ ಅಲುಗದ ಹಾಗೆ ಇಟ್ಟುಕೊಳ್ಳುವುದೇ ನಿಮ್ಮ ಆ ಹೊತ್ತಿನ ಪೂರ್ತಿ ಕೆಲಸ.

ಇಬ್ಬರೂ ಎರಡು ಬದಿಯಿಂದ ಒಟ್ಟಿಗೇ ಹತ್ತಿದರೆ ಆಗಲ್ವಾ?

ಆಗುತ್ತದೆ. ತೂಕ ಹೆಚ್ಚುಕಮ್ಮಿ ಒಂದೇ ಇದ್ದು, ಹೊಂದಾಣಿಕೆ ಚೆನ್ನಾಗಿದ್ದರೆ ಬೇಗವೂ ಹೌದು. ಅಲೆ ಇರುವಾಗ ಮಾತ್ರ ಒಬ್ಬರಿಗೆ ಅಲೆಯ ಒತ್ತು ಸಿಕ್ಕಿ ಇನ್ನೊಬ್ಬರಿಗೆ ಸಿಗದೆ ಲಯ ತಪ್ಪುತ್ತದೆ. ಅಭ್ಯಾಸ ಇಲ್ಲದಿದ್ದರೆ ಗಾಳಿಯಲ್ಲಿ ಇದನ್ನು ಮೊದಲ ಸಲ ಪ್ರಯತ್ನಿಸಬೇಡಿ.

ನನಗೆ ತೋಳಿನಲ್ಲಿ ಅಷ್ಟು ಕಸುವಿಲ್ಲ. ಬೇರೆ ದಾರಿ ಇದೆಯಾ?

ಎರಡಿವೆ. ಒಂದು, ಕಾಲಿಗೆ ಕುಣಿಕೆ. ನಾಲ್ಕೈದು ಮೀಟರ್ ಗಟ್ಟಿ ಪಟ್ಟಿಯನ್ನು ಗಂಟು ಹಾಕಿ ಬಳೆಯಂತೆ ಮಾಡಿಕೊಂಡರೆ ಸಾಕು. ಕಾಕ್‌ಪಿಟ್ ಅಂಚಿಗೋ ಆಚೆ ಬದಿಯ ಹಿಡಿಕೆಗೋ ಸಿಕ್ಕಿಸಿ, ಈಚೆ ನೀರಿಗೆ ಇಳಿಬಿಟ್ಟು, ಪಾದ ಇಟ್ಟು ಮೆಟ್ಟಿಲಂತೆ ಏರುವುದು. ಕುಣಿಕೆ ಮಂಡಿಯ ಮಟ್ಟಕ್ಕಿರಬೇಕು. ಜಾಸ್ತಿ ಉದ್ದವಾದರೆ ಪ್ರಯೋಜನವಿಲ್ಲ. ಹತ್ತಿದ ಮೇಲೆ ಪಾದ ಅದರಲ್ಲೇ ಸಿಕ್ಕಿಕೊಂಡಿಲ್ಲ ಎಂದು ನೋಡಿಕೊಳ್ಳಿ.

ಇನ್ನೊಂದು ಪ್ಯಾಡಲ್ ಫ್ಲೋಟ್. ಊದಿದ ಚೀಲ ಅಥವಾ ಫೋಮ್ ತುಂಡನ್ನು ಪ್ಯಾಡಲ್‌ನ ಒಂದು ಅಲಗಿಗೆ ತೊಡಿಸಿ, ಇನ್ನೊಂದು ತುದಿಯನ್ನು ಕಾಕ್‌ಪಿಟ್ ಹಿಂದೆ ಅಡ್ಡ ಇಟ್ಟರೆ ದೋಣಿಗೆ ಪಕ್ಕದಾಧಾರ ಸಿಗುತ್ತದೆ. ಒಂಟಿ ಕಯಾಕ್‌ನವರಿಗೆ ಇದು ಪ್ರಾಣ. ಜೋಡಿಯಲ್ಲಿ ಎರಡನೆಯವರು ಹತ್ತುವಾಗ ತುಂಬ ಉಪಯೋಗ. ಗಾಳಿಯಲ್ಲಿ ಚೀಲ ಊದುತ್ತಾ ಕೂರುವುದು ಬೇಜಾರಿನ ಕೆಲಸ, ಆದ್ದರಿಂದ ನನಗೆ ಫೋಮ್‌ನದ್ದೇ ಇಷ್ಟ.

ಒಳಗೆ ತುಂಬಿದ ನೀರು?

ಸಿಟ್-ಆನ್-ಟಾಪ್‌ನಲ್ಲಿ ತಳದ ತೂತುಗಳಿಂದ ತಾನೇ ಇಳಿದು ಹೋಗುತ್ತದೆ. ಮುಚ್ಚಿದ ಜೋಡಿ ಕಯಾಕ್‌ನಲ್ಲಿ ಇದೇ ದೊಡ್ಡ ತಲೆನೋವು. ಒಂಟಿ ಕಯಾಕ್‌ನ ಹಾಗೆ ಒಂದು ತುದಿ ಎತ್ತಿ ನೀರು ಚೆಲ್ಲುವುದು ಇದರಲ್ಲಿ ಹೆಚ್ಚಾಗಿ ಆಗುವುದಿಲ್ಲ, ಅಷ್ಟು ಭಾರ. ಪಂಪು ಹೊಡೆಯಲೇಬೇಕು.

ಲೆಕ್ಕ ಹಾಕಿ. ಎರಡು ಕಾಕ್‌ಪಿಟ್ ಸೇರಿ 100 ಲೀಟರ್ ನೀರು ಎಂದುಕೊಳ್ಳಿ, ಅಂದರೆ 100 ಕಿಲೋ. ಕೈಪಂಪಿನ ಒಂದು ಎಳೆತಕ್ಕೆ ಅರ್ಧ ಲೀಟರ್ ಎಂದರೂ 200 ಎಳೆತ. ಅಷ್ಟು ಹೊತ್ತೂ ಆ ನೀರು ಒಳಗೆ ಎಡಕ್ಕೂ ಬಲಕ್ಕೂ ಓಡಾಡುತ್ತಿರುತ್ತದೆ. ದೋಣಿ ಯಾವ ಕಡೆ ವಾಲುತ್ತದೋ ಅದೇ ಕಡೆ ನೀರೂ ಹೋಗಿ ಇನ್ನಷ್ಟು ವಾಲಿಸುತ್ತದೆ. ಹಾಗಾಗಿ ಒಬ್ಬರೇ ಪಂಪು ಹೊಡೆಯಬೇಕು. ಇನ್ನೊಬ್ಬರು ಪ್ಯಾಡಲ್ ನೀರಿನ ಮೇಲಿಟ್ಟು ಆಧಾರ ಕೊಡುತ್ತಾ, ಮೂತಿಯನ್ನು ಗಾಳಿ ಕಡೆ ಇಡಲು ನೋಡಬೇಕು. ಸುಸ್ತಾದರೆ ಕೆಲಸ ಬದಲಾಯಿಸಿಕೊಳ್ಳಿ. ಬದಲಾಯಿಸುವಾಗ ಬಾಯಿಬಿಟ್ಟು ಹೇಳಿ: "ಈಗ ನೀನು ಹೊಡಿ, ನಾನು ಹಿಡೀತೀನಿ."

ಅಲೆ ಒಳಗೆ ಬರುತ್ತಲೇ ಇದ್ದರೆ ಮೊದಲು ಸ್ಪ್ರೇ ಸ್ಕರ್ಟ್ ಹಾಕಿ, ಆಮೇಲೆ ಅದರ ಅಂಚನ್ನು ಒಂದು ಕಡೆ ಸ್ವಲ್ಪವೇ ಬಿಡಿಸಿ ಪಂಪು ಇಳಿಸಿ. ಇಲ್ಲದಿದ್ದರೆ ನೀವು ಹೊರಗೆ ಹಾಕಿದಷ್ಟೂ ಒಳಗೆ ಬರುತ್ತದೆ.

ಜೋಡಿ ಕಯಾಕ್ ಕೊಳ್ಳುವಾಗಲೋ ಬಾಡಿಗೆಗೆ ತೆಗೆದುಕೊಳ್ಳುವಾಗಲೋ ಎರಡು ಸೀಟಿನ ನಡುವೆ ಅಡ್ಡಗೋಡೆ ಇದೆಯಾ, ತುದಿಗಳಲ್ಲಿ ಗಾಳಿ ಚೀಲ ಇದೆಯಾ ಎಂದು ಟಾರ್ಚು ಹಾಕಿ ನೋಡಿ. ಎರಡೂ ಇಲ್ಲದ ದೋಣಿ ಮಗುಚಿದರೆ ಅಂಚಿನ ತನಕ ತುಂಬುತ್ತದೆ. ಅದನ್ನು ಪಂಪು ಹೊಡೆದು ಖಾಲಿ ಮಾಡುತ್ತೇನೆ ಎನ್ನುವುದು ಕನಸು. ಅಂಥದ್ದರಲ್ಲಿ ಗಾಳಿಯ ದಿನ ಹೋಗಲೇಬಾರದು.

ಹತ್ತಿದ ಮೇಲೂ ಮತ್ತೆ ಮತ್ತೆ ಮಗುಚುತ್ತಿದೆ. ಏನು ತಪ್ಪು?

ಹೆಚ್ಚಾಗಿ ಒಳಗಿನ ನೀರೇ ಕಾರಣ. ಸಿಟ್-ಆನ್-ಟಾಪ್‌ನಲ್ಲಿ ಇದು ಇನ್ನೂ ಮೋಸದ ವಿಷಯ, ಯಾಕೆಂದರೆ ನೀರು ಕಣ್ಣಿಗೆ ಕಾಣುವುದಿಲ್ಲ. ಮುಚ್ಚಳ ಸಡಿಲವಾಗಿದ್ದರೆ, ಹಿಂದಿನ ಬಿರಡೆ ಹಾಕುವುದು ಮರೆತಿದ್ದರೆ, ಟೊಳ್ಳು ಹೊಟ್ಟೆಯೊಳಗೆ ನೀರು ಸೇರುತ್ತಾ ಹೋಗುತ್ತದೆ. ದೋಣಿ ನೀರಿನಲ್ಲಿ ತಗ್ಗಿ ಕೂತಿದ್ದರೆ, ವಾಲಿದ್ದು ತಡವಾಗಿ ಏಳುತ್ತಿದ್ದರೆ, ಅದೇ ಎಂದು ತಿಳಿಯಿರಿ. ಅದನ್ನು ಹತ್ತಲು ಒದ್ದಾಡುವುದು ದಂಡ. ಹಿಡಿದುಕೊಂಡು ತೇಲುತ್ತಾ ಸಹಾಯ ಕರೆಯಿರಿ.

ಎರಡನೇ ಕಾರಣ ಮನುಷ್ಯರದ್ದು. ಹತ್ತಿದ ಖುಷಿಯಲ್ಲಿ ಇಬ್ಬರೂ ಒಂದೇ ಸಲ ಟೋಪಿ, ಚೀಲ, ಬಾಟಲಿಗೆ ಕೈ ಹಾಕುತ್ತಾರೆ. ಯಾವಾಗಲೂ ಒಬ್ಬರ ಪ್ಯಾಡಲ್ ನೀರಿನ ಮೇಲಿರಬೇಕು.

ಎಷ್ಟು ಸಲ ಪ್ರಯತ್ನಿಸಬಹುದು?

ಪೂರ್ತಿ ಶಕ್ತಿ ಹಾಕಿ ಎರಡು ಸಲ. ಆಗದಿದ್ದರೆ ಸಹಾಯ ಕರೆಯಿರಿ, ಆಮೇಲೆ ಬೇಕಾದರೆ ಮೂರನೇ ಸಲ ನೋಡಿ. ನಿಮ್ಮ ಸುತ್ತ ಬೇರೆ ದೋಣಿಗಳಿಲ್ಲದೆ, ಗಾಳಿ ದಡದಿಂದ ಹೊರಗೆ ಬೀಸುತ್ತಿದ್ದರೆ ಮೊದಲ ಪ್ರಯತ್ನಕ್ಕೂ ಮುಂಚೆಯೇ ಕರೆಯುವುದು ತಪ್ಪಲ್ಲ. ಬೆರಳು ಮರಗಟ್ಟಿದ ಮೇಲೆ ರೇಡಿಯೋ ಗುಂಡಿ ಒತ್ತುವುದಿರಲಿ, ಜಿಪ್ ಎಳೆಯುವುದಕ್ಕೂ ಆಗುವುದಿಲ್ಲ. ಸುಧಾರಿಸಿಕೊಂಡರೆ "ಈಗ ಸರಿ ಇದ್ದೇವೆ" ಎಂದು ತಿಳಿಸಿದರಾಯಿತು.

ಸಹಾಯ ಕರೆಯುವುದು ಹೇಗೆ?

ಕರೆಯುವ ಸಾಮಾನು ಮೈಮೇಲಿರಬೇಕು, ದೋಣಿಯ ಪೆಟ್ಟಿಗೆಯಲ್ಲಲ್ಲ. ದೋಣಿ ಹೋದರೆ ಅದೂ ಹೋಯಿತು. ಇಬ್ಬರಲ್ಲಿ ಒಬ್ಬರ ಹತ್ತಿರ ಮಾತ್ರ ಇದ್ದರೂ ಕಮ್ಮಿಯೇ.

ಸಮುದ್ರದಲ್ಲಿ ವಿಎಚ್‌ಎಫ್ ರೇಡಿಯೋ ಇದ್ದರೆ ಚಾನೆಲ್ 16. "ಮೇಡೇ" ಎಂದು ಮೂರು ಸಲ ಹೇಳಿ, ನೀವು ಎಲ್ಲಿದ್ದೀರಿ, ಎಷ್ಟು ಜನ, ಏನಾಗಿದೆ ಎಂದು ಹೇಳಿ. ಜಾಗವನ್ನು ಮೊದಲು ಹೇಳಿ, ಮಾತು ನಡುವೆ ನಿಂತರೂ ಅದೊಂದು ತಲುಪಿರುತ್ತದೆ. 406 ಮೆಗಾಹರ್ಟ್ಸ್‌ನ ವೈಯಕ್ತಿಕ ಬೀಕನ್ ಇದ್ದರೆ ಉಪಗ್ರಹದ ಮೂಲಕ ಸುದ್ದಿ ಹೋಗುತ್ತದೆ. ಅದನ್ನು ಮೊದಲೇ ನಿಮ್ಮ ಹೆಸರಿಗೆ ನೋಂದಾಯಿಸಿರಬೇಕು. ಫೋನು ನೀರು ಹೋಗದ ಚೀಲದಲ್ಲಿದ್ದರೂ ಒದ್ದೆ ಬೆರಳಿಗೆ ಪರದೆ ಮಾತು ಕೇಳುವುದಿಲ್ಲ. ಗುಂಡಿ ಒತ್ತಿ ತುರ್ತು ಕರೆ ಹೋಗುವ ಹಾಗೆ ಮನೆಯಲ್ಲೇ ಸೆಟ್ ಮಾಡಿಕೊಂಡಿರಿ.

ಏನೂ ಇಲ್ಲದಿದ್ದರೆ ಸೀಟಿ. ಮೂರು ಮೂರು ಸಲ ಊದಿ. ಗಾಳಿಯಲ್ಲಿ ಕೂಗಿದ್ದು ಕೇಳಿಸುವುದಿಲ್ಲ, ಸೀಟಿ ಇನ್ನೂ ವಾಸಿ. ಎರಡೂ ತೋಳನ್ನು ಪಕ್ಕಕ್ಕೆ ಚಾಚಿ ನಿಧಾನವಾಗಿ ಮೇಲೆ ಕೆಳಗೆ ಆಡಿಸುವುದು ಎಲ್ಲ ಕಡೆ ಒಪ್ಪಿರುವ ಅಪಾಯದ ಸನ್ನೆ. ಒಂದು ಕೈ ಬೀಸಿದರೆ ಟಾಟಾ ಮಾಡುತ್ತಿದ್ದಾರೆ ಎಂದುಕೊಂಡು ದೋಣಿಯವರು ತಿರುಗಿ ಟಾಟಾ ಮಾಡಿ ಹೋಗುತ್ತಾರೆ.

ದಡ ಹತ್ತಿರವೇ ಕಾಣುತ್ತಿದೆ. ಈಜಿಬಿಡಲಾ?

ಬೇಡ. ನೀರಿನ ಮಟ್ಟದಲ್ಲಿ ಕಣ್ಣಿರುವಾಗ ದೂರ ಸರಿಯಾಗಿ ಗೊತ್ತಾಗುವುದಿಲ್ಲ. ಗಾಳಿಗೆ ಎದುರಾಗಿ ಈಜುವುದಂತೂ ಇದ್ದಲ್ಲೇ ಇದ್ದ ಹಾಗೆ. ಹುಡುಕುವವರಿಗೆ ಒಂದು ತಲೆಗಿಂತ ಒಂದು ದೋಣಿ ಎಷ್ಟೋ ಬೇಗ ಕಾಣುತ್ತದೆ. ದೋಣಿ ಬಿಡಬೇಕಾದ ಸಂದರ್ಭ ತುಂಬ ಕಡಿಮೆ: ಅದು ಬಂಡೆಗೋ, ಅಡ್ಡಗಟ್ಟೆಗೋ, ದೊಡ್ಡ ಹಡಗಿನ ದಾರಿಗೋ ನಿಮ್ಮನ್ನು ಎಳೆದುಕೊಂಡು ಹೋಗುತ್ತಿದ್ದರೆ ಮಾತ್ರ.

ಗಾಳಿ ದಡದ ಕಡೆಗೇ ಬೀಸುತ್ತಿದ್ದು, ಅಲ್ಲಿ ಮರಳೋ ಮಣ್ಣೋ ಇದ್ದರೆ ಇನ್ನೊಂದು ದಾರಿಯಿದೆ. ಹತ್ತುವ ತಾಪತ್ರಯವೇ ಬೇಡ ಎಂದು ದೋಣಿ ಹಿಡಿದುಕೊಂಡು, ಕಾಲು ಬಡಿಯುತ್ತಾ ಗಾಳಿ ಜತೆಗೇ ದಡಕ್ಕೆ ಹೋಗಬಹುದು. ನೀರು ಬೆಚ್ಚಗಿದ್ದರೆ ಮಾತ್ರ.

ಜತೆಗೆ ಬೇರೆ ಕಯಾಕ್‌ಗಳಿದ್ದರೆ?

ಕೆಲಸ ಅರ್ಧಕ್ಕರ್ಧ ಸುಲಭ. ಸಹಾಯದ ಕಯಾಕ್ ನಿಮ್ಮದಕ್ಕೆ ಸಮಾನಾಂತರವಾಗಿ, ಮೂತಿ ಎದುರು ದಿಕ್ಕಿಗೆ ಇಟ್ಟು ಅಂಟಿಕೊಂಡು ನಿಲ್ಲಲಿ. ಅವರು ನಿಮ್ಮ ಕಾಕ್‌ಪಿಟ್ ಮೇಲೆ ಬಗ್ಗಿ ಎರಡೂ ಕೈಯಿಂದ ಹಿಡಿದರೆ ದೋಣಿ ಕಲ್ಲಿನಂತೆ ನಿಲ್ಲುತ್ತದೆ. ನೀವಿಬ್ಬರೂ ಒಬ್ಬರಾದ ಮೇಲೆ ಒಬ್ಬರು ಹೊರಬದಿಯಿಂದ ಹತ್ತಿ. ಮೊದಲು ಮನುಷ್ಯರು ಮೇಲೆ, ನೀರು ಆಮೇಲೆ ಖಾಲಿ ಮಾಡಿದರಾಯಿತು. ಜೋಡಿ ಕಯಾಕನ್ನು ಎತ್ತಿ ಬಗ್ಗಿಸಿ ನೀರು ಚೆಲ್ಲಲು ಹೋಗಿ ಸಹಾಯಕ್ಕೆ ಬಂದವರ ಬೆನ್ನು ಹಿಡಿದುಕೊಂಡರೆ ಇನ್ನೊಂದು ಕಷ್ಟ. ಮೂರನೇ ಕಯಾಕ್ ಇದ್ದರೆ ಅದು ಹಗ್ಗ ಹಾಕಿ ಇಬ್ಬರನ್ನೂ ಬಂಡೆಗಳಿಂದ ದೂರ ಎಳೆಯುತ್ತಿರಲಿ.

ದೋಣಿ ತಪ್ಪಿಹೋಗದಂತೆ ಮೈಗೆ ಹಗ್ಗ ಕಟ್ಟಿಕೊಳ್ಳಬಹುದಾ?

ಮುಚ್ಚಿದ ಕಯಾಕ್‌ನಲ್ಲಿ ಬೇಡ, ತಲೆಕೆಳಗಾದಾಗ ಸುತ್ತಿಕೊಳ್ಳುತ್ತದೆ. ಪ್ಯಾಡಲನ್ನು ದೋಣಿಗೆ ಕಟ್ಟಬಹುದು, ನಿಮಗಲ್ಲ. ಗಾಳಿ ಜತೆ ಓಡುವ ಸರ್ಫ್‌ಸ್ಕಿಯವರು ಕಾಲಿಗೆ ಲೀಶ್ ಹಾಕುತ್ತಾರೆ, ನಿಜ. ಅದು ಮೇಲೆ ಕೂರುವ ದೋಣಿ, ತೆರೆದ ನೀರು. ಹರಿಯುವ ನದಿಯಲ್ಲಿ ಅದೇ ಹಗ್ಗ ಯಾವುದಾದರೂ ಕೊಂಬೆಗೆ ಸಿಕ್ಕಿ ಪ್ರಾಣ ತೆಗೆಯಬಹುದು.

ಹೊರಗೆ ಬರದೆ, ಪ್ಯಾಡಲ್‌ನಿಂದಲೇ ಹೊರಳಿ ಏಳುವ ರೋಲ್ ಕಲಿತರೆ ಈ ಗೋಳೇ ಇರಲ್ವಲ್ಲ?

ಇಬ್ಬರೂ ಒಂದೇ ಬದಿಗೆ, ಒಂದೇ ಕ್ಷಣಕ್ಕೆ, ತಲೆಕೆಳಗಾಗಿ ಮಾಡಬೇಕು. ಮಾಡುವವರಿದ್ದಾರೆ. ಒಬ್ಬರು ಕಾದಿದ್ದು ಇನ್ನೊಬ್ಬರು ಹೊರಗೆ ಬಂದಿದ್ದರೆ ರೋಲ್ ಆಗುವುದಿಲ್ಲ. ಕಲಿಯಿರಿ, ಆದರೆ ಅದನ್ನೇ ನಂಬಿಕೊಂಡು ಹೋಗಬೇಡಿ.

ಎಷ್ಟು ಗಾಳಿ ಇದ್ದರೆ ಹೋಗಬಾರದು?

ಗಾಳಿಯ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟು. ಇದು ನೆನಪಿದ್ದರೆ ಮುನ್ಸೂಚನೆ ಓದುವ ರೀತಿಯೇ ಬದಲಾಗುತ್ತದೆ. ಬ್ಯೂಫೋರ್ಟ್ ಅಳತೆಯ 4ರಲ್ಲಿ, ಅಂದರೆ ಗಂಟೆಗೆ 20ರಿಂದ 28 ಕಿಲೋಮೀಟರ್ ಗಾಳಿಗೆ, ಅಲೆಗಳ ತಲೆಯಲ್ಲಿ ಬಿಳಿ ನೊರೆ ಅಲ್ಲೊಂದು ಇಲ್ಲೊಂದು ಅಲ್ಲ, ಸಾಕಷ್ಟು ಕಡೆ ಕಾಣುತ್ತದೆ. ಹೊಸಬರ ಜೋಡಿಗೆ ಅಲ್ಲಿಗೆ ನಿಲ್ಲಲಿ. 5 ಎಂದರೆ 29ರಿಂದ 38 ಕಿಲೋಮೀಟರ್. ಅಷ್ಟರಲ್ಲಿ ಹತ್ತುವ ಅಭ್ಯಾಸ ಗಟ್ಟಿಯಾಗಿ ಇರುವವರು ಮಾತ್ರ ಇರಬೇಕು.

ಅಂಕಿಗಿಂತ ದಿಕ್ಕು ಮುಖ್ಯ. ದಡದಿಂದ ಹೊರಗೆ ಬೀಸುವ ಗಾಳಿ ನೋಡಲು ಸಾಧು. ದಡದ ಹತ್ತಿರ ನೀರು ಕನ್ನಡಿಯಂತಿರುತ್ತದೆ, ದೂರ ಹೋದಷ್ಟೂ ಅಲೆ ಏರುತ್ತದೆ, ಮಗುಚಿದರೆ ಇನ್ನೂ ದೂರಕ್ಕೇ ಒಯ್ಯುತ್ತದೆ. ಗಾಳಿ ಒಂದು ಕಡೆಗೆ, ಉಬ್ಬರವಿಳಿತದ ಸೆಳೆತ ಅದಕ್ಕೆ ಎದುರು ಕಡೆಗೆ ಇದ್ದರೆ ಅಲೆಗಳು ಗಿಡ್ಡ, ಕಡಿದು, ಒತ್ತೊತ್ತಾಗಿ ಬರುತ್ತವೆ. ಜೋಡಿ ಕಯಾಕ್‌ಗಳು ಅಡ್ಡ ಸಿಕ್ಕಿ ಮಗುಚುವುದು ಇಂಥಲ್ಲೇ.

ಮತ್ತೆ ಕೂತಾಯಿತು. ಈಗ ಯಾವ ಕಡೆ ಹೋಗಬೇಕು?

ಮೊದಲು ಯೋಚಿಸಿದ್ದ ಕಡೆ ಅಲ್ಲ. ಹತ್ತಿರದ ಸುರಕ್ಷಿತ ದಡ ಎಲ್ಲಿದೆಯೋ ಅಲ್ಲಿಗೆ. ಅದು ಗಾಳಿ ಹೋಗುವ ಕಡೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ, ಕಾರಿಗೆ ನಡೆದುಕೊಂಡು ಹೋಗಬೇಕಾದರೂ ಪರವಾಗಿಲ್ಲ. ಅಲೆಗೆ ದೋಣಿಯ ಪಕ್ಕ ಕೊಡಬೇಡಿ, ಓರೆಯಾಗಿ ಸಾಗಿ. ಮುಂದಿನವರು ಲಯ ಹಿಡಿಯಲಿ, ಹಿಂದಿನವರು ಅದಕ್ಕೆ ಹೊಂದಿಕೊಳ್ಳಲಿ. ಹುಟ್ಟು ಹಾಕುವುದನ್ನು ಇಬ್ಬರೂ ಒಂದೇ ಸಲ ನಿಲ್ಲಿಸಬೇಡಿ.

ದಡ ಸೇರಿದ ಮೇಲೆ?

ಒದ್ದೆ ಬಟ್ಟೆ ತೆಗೆದು ಒಣಗಿದ್ದು ಹಾಕಿ, ಗಾಳಿಗೆ ಮರೆ ಮಾಡಿ. ಪೂರ್ತಿ ಎಚ್ಚರ ಇದ್ದು, ನುಂಗಲು ಆಗುವವರಿಗೆ ಬಿಸಿಯಾದ ಸಿಹಿ ಪಾನೀಯ ಕೊಡಿ. ಮದ್ಯ ಬೇಡವೇ ಬೇಡ. ಕೈಕಾಲು ತಿಕ್ಕಬೇಡಿ. ಜೋರು ನಡುಕ ಇದ್ದದ್ದು ಬೆಚ್ಚಗಾಗುವ ಮೊದಲೇ ನಿಂತುಹೋಗಿ, ಮಾತು ತೊದಲುತ್ತಿದ್ದರೆ, ಎಡವುತ್ತಿದ್ದರೆ ಅದು ಗುಣವಾದದ್ದಲ್ಲ, ಕೆಟ್ಟ ಲಕ್ಷಣ. ಅವರನ್ನು ನಡೆಸಬೇಡಿ. ಮಲಗಿಸಿ, ಹೊದಿಸಿ, ತುರ್ತು ಸಹಾಯ ಕರೆಯಿರಿ. ನೀರು ಕುಡಿದು ಕೆಮ್ಮುತ್ತಲೇ ಇದ್ದರೆ, ಉಸಿರಾಡಲು ಕಷ್ಟವಾದರೆ, ಅದೇ ದಿನ ವೈದ್ಯರಿಗೆ ತೋರಿಸಿ.

ಅಭ್ಯಾಸ ಹೇಗೆ, ಎಲ್ಲಿ?

ಶಾಂತ ನೀರು, ಬೆಚ್ಚಗಿನ ದಿನ, ದಡದಲ್ಲಿ ನೋಡುವವರೊಬ್ಬರು. ಜಾಗ ಮಾತ್ರ ಕಾಲು ನೆಲಕ್ಕೆ ತಾಗದಷ್ಟು ಆಳ ಇರಲಿ. ಇಲ್ಲದಿದ್ದರೆ ಗೊತ್ತಿಲ್ಲದೆಯೇ ನೆಲ ಒದ್ದು ಹತ್ತುತ್ತೀರಿ, "ಬಂತು" ಎಂದುಕೊಳ್ಳುತ್ತೀರಿ. ಅದು ಸಲೀಸಾದ ಮೇಲೆ, ದಡದ ಕಡೆ ಮೆಲ್ಲಗೆ ಗಾಳಿ ಬೀಸುವ ದಿನ ಮಾಡಿ. ಆಮೇಲೆ ಸೀಟು ಬದಲಾಯಿಸಿ ಮಾಡಿ. ನಿಜವಾಗಿ ಹೋಗುವಾಗ ಹಾಕುವ ಬಟ್ಟೆಯಲ್ಲೇ, ಅದೇ ಲಗೇಜಿನ ಜತೆ. ಜತೆಗಾರರು ಬದಲಾದರೆ ಅಭ್ಯಾಸ ಮೊದಲಿಂದ.

ಜತೆಗೆ ಮಗು ಇದ್ದರೆ?

ಮಗು ಆಚೆ ಬದಿ ಹಿಡಿದು ಆಧಾರ ಕೊಡಲಾರದು. ಅಂದರೆ ಅದು ಜೋಡಿ ಕಯಾಕ್ ಅಲ್ಲ, ನೀವು ಒಬ್ಬರೇ. ದೋಣಿ ಹೊರಳಿಸುವುದು, ಮಗುವನ್ನು ಮೊದಲು ಮೇಲೆ ತಳ್ಳುವುದು, ಆಮೇಲೆ ನೀವು ಹತ್ತುವುದು, ಎಲ್ಲ ಒಬ್ಬರ ಕೈಯಲ್ಲೇ ಆಗಬೇಕು. ಅದು ಆಗುತ್ತದೆ ಎಂದು ಶಾಂತ ನೀರಿನಲ್ಲಿ ಮಾಡಿ ನೋಡಿದ್ದರೆ ಗಾಳಿಯಿಲ್ಲದ ದಿನ, ದಡದ ಹತ್ತಿರ ಹೋಗಿ ಬನ್ನಿ. ಮಗುವಿನ ಲೈಫ್ ಜಾಕೆಟ್‌ಗೆ ತೊಡೆಸಂದಿನ ಪಟ್ಟಿ ಇರಬೇಕು. ಇಲ್ಲದಿದ್ದರೆ ನೀರಲ್ಲಿ ಜಾಕೆಟ್ ಮೇಲೆ ಹೋಗಿ, ಮಗು ಕೆಳಗೆ ಜಾರುತ್ತದೆ.